ಮನೆಯ ತೋಟಕ್ಕೆ ಲ್ಯಾಂಡ್‌ಸ್ಕೇಪ್ ಗುತ್ತಿಗೆದಾರರನ್ನು ಆರಿಸುವ ಬಗೆ

ಮನೆ ಕಟ್ಟಿಸುವಾಗ ಅಡಿಪಾಯದ ಕಬ್ಬಿಣದಿಂದ ಹಿಡಿದು ಬಾಗಿಲಿನ ಚಿಲಕದವರೆಗೆ ಹತ್ತು ಕಡೆ ವಿಚಾರಿಸುವವರು ತೋಟದ ವಿಷಯ ಬಂದಾಗ ಮಾತ್ರ ಗೃಹಪ್ರವೇಶಕ್ಕೆ ಹದಿನೈದು ದಿನ ಇರುವಾಗ ಹತ್ತಿರದ ನರ್ಸರಿಯವರನ್ನು ಕರೆಸಿ, ಮುಂಭಾಗವನ್ನು ಹಸಿರು ಮಾಡಿಕೊಡಿ ಎಂದು ಹೇಳಿ ಸುಮ್ಮನಾಗುತ್ತಾರೆ. ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಇಂತಹ ತೋಟಗಳು ಸಮಾರಂಭದ ದಿನ ಚೆನ್ನಾಗಿಯೇ ಕಾಣುತ್ತವೆ. ಮುಂದಿನ ಏಪ್ರಿಲ್‌ನಲ್ಲಿ ಹುಲ್ಲು ತೇಪೆ ತೇಪೆಯಾಗಿ ಒಣಗಿ, ಗಿಡಗಳು ಎಲೆ ಉದುರಿಸಿ ನಿಂತಿರುತ್ತವೆ. ತೋಟ ಮಾಡುವವರ ಯೋಗ್ಯತೆ ತಿಳಿಯುವುದು ಒಂದು ಬೇಸಿಗೆ ಕಳೆದ ಮೇಲೆಯೇ. ಆದ್ದರಿಂದ ಅವರನ್ನು ಆರಿಸುವಾಗಲೂ, ಹಣ ಕೊಡುವಾಗಲೂ, ಕರಾರು ಬರೆಯುವಾಗಲೂ ಆ ಬೇಸಿಗೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ನಡೆಯಬೇಕು.

ಯಾರನ್ನೇ ಕರೆಸುವ ಮೊದಲು ನಿಮ್ಮ ಜಾಗದ ಬಗ್ಗೆ ಮೂರು ಸಂಗತಿಗಳನ್ನು ನೀವೇ ತಿಳಿದುಕೊಂಡಿರಬೇಕು: ಬಿಸಿಲು ಎಲ್ಲಿ ಎಷ್ಟು ಹೊತ್ತು ಬೀಳುತ್ತದೆ, ನೀರು ಎಲ್ಲಿಂದ ಬರುತ್ತದೆ, ದಿನವೂ ತೋಟ ನೋಡಿಕೊಳ್ಳುವವರು ಯಾರು. ಇವುಗಳಲ್ಲಿ ನೀರಿನ ಲೆಕ್ಕವೇ ಮುಖ್ಯವಾದದ್ದು. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ಚದರ ಮೀಟರಿಗೆ ದಿನಕ್ಕೆ 5 ಲೀಟರ್ ಎಂದು ಹಿಡಿದರೂ 500 ಚದರ ಅಡಿಗೆ ಸುಮಾರು 230 ಲೀಟರ್ ಬೇಕಾಗುತ್ತದೆ. ನಗರದಲ್ಲಿ ಒಬ್ಬ ವ್ಯಕ್ತಿಯ ದಿನದ ಎಲ್ಲ ಬಳಕೆಗೆ ಸರ್ಕಾರಿ ಮಾನದಂಡ ಇಟ್ಟುಕೊಂಡಿರುವುದು 135 ಲೀಟರ್. 2024ರ ಮಾರ್ಚ್‌ನಲ್ಲಿ ಕೊಳವೆಬಾವಿಗಳು ಬತ್ತಿದಾಗ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೆ ಬಳಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿಪಡಿಸಿದ್ದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ವರ್ಷಕ್ಕೆ ಸರಿಸುಮಾರು 970 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಮಳೆನೀರಿನ ತೊಟ್ಟಿಯನ್ನೂ ಬಟ್ಟೆ ಒಗೆದ ನೀರಿನ ಮರುಬಳಕೆಯನ್ನೂ ಬಿಟ್ಟು ತೋಟದ ನಕ್ಷೆ ಬರೆಯುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕೆಲಸಕ್ಕೆ ಸಿಗುವವರನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು. ವಾಸ್ತುಶಿಲ್ಪ ಓದಿ, ಅದರ ಮೇಲೆ ಲ್ಯಾಂಡ್‌ಸ್ಕೇಪ್ ವಿಷಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ನೆಲದ ಇಳಿಜಾರು, ನೀರಿನ ಹರಿವು, ಕಲ್ಲುಹಾಸು, ದೀಪ ಎಲ್ಲವನ್ನೂ ಸೇರಿಸಿ ವಿನ್ಯಾಸ ಮಾಡುತ್ತಾರೆ. ನಿವೇಶನ ದೊಡ್ಡದಿದ್ದರೆ ಅಥವಾ ಮಟ್ಟದಲ್ಲಿ ಏರುತಗ್ಗುಗಳಿದ್ದರೆ ಅವರ ಶುಲ್ಕ ವ್ಯರ್ಥವಾಗುವುದಿಲ್ಲ. ಎರಡನೆಯವರು ವಿನ್ಯಾಸ, ಗಿಡ, ಮಣ್ಣು, ಕೂಲಿ ಎಲ್ಲವನ್ನೂ ಒಟ್ಟಿಗೆ ವಹಿಸಿಕೊಳ್ಳುವ ಗುತ್ತಿಗೆದಾರರು. ಇವರಲ್ಲಿ ತೋಟಗಾರಿಕೆ ಪದವಿ ಪಡೆದವರೂ ಇದ್ದಾರೆ, ನರ್ಸರಿ ನಡೆಸುತ್ತಲೇ ಅನುಭವದಿಂದ ಪಳಗಿದವರೂ ಇದ್ದಾರೆ. ಮೂರನೆಯವರು ಮಾಲಿಗಳು. ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ನಾಲ್ಕಡಿ ಪಟ್ಟಿಗೆ ವಿನ್ಯಾಸಕಾರರ ಅಗತ್ಯವಿಲ್ಲ. ಗಿಡ ಬಲ್ಲ ಒಬ್ಬ ಒಳ್ಳೆಯ ಮಾಲಿ ಸಾಕು. ನರ್ಸರಿಯವರೇ ವಿನ್ಯಾಸವನ್ನೂ ಮಾಡುವಾಗ ಒಂದು ಎಚ್ಚರಿಕೆ ಬೇಕು. ಅವರ ಲಾಭ ಗಿಡದ ಮಾರಾಟದಲ್ಲಿರುವುದರಿಂದ ಬೇಕಾದದ್ದಕ್ಕಿಂತ ಹೆಚ್ಚು ಗಿಡಗಳನ್ನು ಒತ್ತೊತ್ತಾಗಿ ನೆಡುವ ಸಾಧ್ಯತೆ ಇರುತ್ತದೆ, ಎರಡು ವರ್ಷದಲ್ಲಿ ಅವುಗಳಲ್ಲಿ ಅರ್ಧದಷ್ಟನ್ನು ನೀವೇ ಕೀಳಿಸಬೇಕಾಗುತ್ತದೆ.

ಮೂರು–ನಾಲ್ಕು ಹೆಸರುಗಳು ಕೈಗೆ ಸಿಕ್ಕಿದ ಮೇಲೆ ಮೊಬೈಲ್‌ನಲ್ಲಿ ತೋರಿಸುವ ಚಿತ್ರಗಳನ್ನು ನೋಡಿ ತೀರ್ಮಾನಿಸಬೇಡಿ. ಆ ಚಿತ್ರಗಳನ್ನು ಸಾಮಾನ್ಯವಾಗಿ ಕೆಲಸ ಮುಗಿದ ವಾರದಲ್ಲಿ ತೆಗೆದಿರುತ್ತಾರೆ. ಕನಿಷ್ಠ ಎರಡು ಬೇಸಿಗೆ ಕಂಡಿರುವ ತೋಟವೊಂದನ್ನು ತೋರಿಸಿ ಎಂದು ಕೇಳಿ, ಸಾಧ್ಯವಾದರೆ ಮಾರ್ಚ್ ಅಥವಾ ಏಪ್ರಿಲ್‌ನಲ್ಲಿ ಹೋಗಿ ನೋಡಿ. ಅಲ್ಲಿ ಹೂವಿಗಿಂತ ನೆಲವನ್ನು ಗಮನಿಸಬೇಕು. ಗೋಡೆಯ ಬುಡದಲ್ಲಿ ತೇವದ ಕಲೆ ಇದೆಯೇ, ಕಲ್ಲುಹಾಸು ಕುಸಿದಿದೆಯೇ, ಗಿಡದ ಕಾಂಡ ಮಣ್ಣಿನೊಳಗೆ ಹೂತು ಕೊಳೆತಿದೆಯೇ, ಮರವಾಗುವ ಗಿಡವನ್ನು ಸಂಪಿನ ಪಕ್ಕದಲ್ಲೇ ನೆಟ್ಟಿದ್ದಾರೆಯೇ ಎಂಬುದನ್ನು ನೋಡಿ. ಮನೆಯವರನ್ನು ಒಂದೇ ಒಂದು ಪ್ರಶ್ನೆ ಕೇಳುವುದಾದರೆ, ಗಿಡ ಸತ್ತಾಗ ಗುತ್ತಿಗೆದಾರರು ಫೋನ್ ತೆಗೆದರೇ ಎಂದು ಕೇಳಿ.

ನಿಮ್ಮ ಜಾಗ ನೋಡಲು ಬಂದವರ ನಡವಳಿಕೆಯಿಂದಲೂ ಬಹಳಷ್ಟು ತಿಳಿಯುತ್ತದೆ. ಬಂದ ಕೂಡಲೇ ಚದರ ಅಡಿಗೆ ಇಷ್ಟು ಎಂದು ದರ ಹೇಳುವವರಿಗಿಂತ, ಪೂರ್ವ ಯಾವ ಕಡೆ, ಪಕ್ಕದ ಮನೆ ಎಷ್ಟು ಅಂತಸ್ತು ಏರಲಿದೆ, ಮನೆಯಲ್ಲಿ ಮಕ್ಕಳು, ನಾಯಿ, ವಯಸ್ಸಾದವರು ಇದ್ದಾರೆಯೇ ಎಂದು ವಿಚಾರಿಸುವವರು ನಂಬಿಕೆಗೆ ಅರ್ಹರು. ಕಣಗಿಲೆ ವಿಷಕಾರಿ ಗಿಡ ಎಂಬುದನ್ನು ಪುಟ್ಟ ಮಕ್ಕಳಿರುವ ಮನೆಯಲ್ಲಿ ತಾವಾಗಿಯೇ ಹೇಳುವವರಿಗೆ ತಮ್ಮ ಕೆಲಸ ಗೊತ್ತಿದೆ ಎಂದೇ ಅರ್ಥ.

ಅವರು ಮಣ್ಣನ್ನು ಪರೀಕ್ಷಿಸುತ್ತಾರೆಯೇ ಎಂಬುದನ್ನು ವಿಶೇಷವಾಗಿ ಗಮನಿಸಿ. ಹೊಸ ಮನೆಯ ಸುತ್ತಲಿನ ನೆಲದ ಮೇಲೆ ಕೆಂಪು ಮಣ್ಣು ಕಂಡರೂ ಅರ್ಧ ಅಡಿ ಕೆಳಗೆ ಸಿಮೆಂಟಿನ ಗಾರೆ, ಒಡೆದ ಟೈಲ್ಸ್, ಇಟ್ಟಿಗೆ ಚೂರು, ಪ್ಲಾಸ್ಟಿಕ್ ಚೀಲಗಳು ತುಂಬಿರುತ್ತವೆ. ಗಾರೆಯ ಸುಣ್ಣದಂಶದಿಂದ ಮಣ್ಣು ಕ್ಷಾರವಾಗುತ್ತದೆ, ಗಿಡಕ್ಕೆ ಕಬ್ಬಿಣದ ಅಂಶ ಸಿಗದೆ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ. ಇಕ್ಸೋರಾದಂತಹ ಗಿಡಗಳಲ್ಲಿ ಇದು ಬೇಗ ಕಾಣಿಸಿಕೊಳ್ಳುತ್ತದೆ. ಎರಡು ಮೂರು ಕಡೆ ಒಂದೂವರೆ ಅಡಿ ಆಳದ ಗುಂಡಿ ತೋಡಿಸಿ, ನೀರು ತುಂಬಿಸಿ ಬಿಡಿ. ಮರುದಿನವೂ ನೀರು ನಿಂತಿದ್ದರೆ ಮೊದಲು ಆ ನೆಲವನ್ನು ಸರಿಪಡಿಸಬೇಕು, ಗಿಡದ ಮಾತು ಆಮೇಲೆ. ಈ ಅಗೆತದ ಖರ್ಚನ್ನು ಅಂದಾಜಿನಲ್ಲಿ ಸೇರಿಸದೆ ಕಸದ ಮೇಲೆಯೇ ಮಣ್ಣು ಹರಡುವವರ ದರ ಕಡಿಮೆ ಇರುವುದು ಸಹಜ.

ಅಂದಾಜು ಪಟ್ಟಿಯನ್ನು ಲಿಖಿತವಾಗಿಯೇ ಪಡೆಯಬೇಕು, ಮತ್ತು ಅದು ಒಂದೇ ಮೊತ್ತದಲ್ಲಿ ಇರಬಾರದು. ‘ಸಂಪಿಗೆ, 1’ ಎಂದು ಬರೆದರೆ ಸಾಲದು. ಎತ್ತರ ಎಷ್ಟು, ಚೀಲದ ಅಳತೆ ಎಷ್ಟು, ಕಸಿ ಗಿಡವೇ ಬೀಜದ ಗಿಡವೇ ಎಂಬುದೂ ಇರಬೇಕು, ಏಕೆಂದರೆ ಕಸಿ ಸಂಪಿಗೆ ಬೇಗ ಹೂ ಬಿಡುತ್ತದೆ, ಬೀಜದ್ದಾದರೆ ವರ್ಷಗಟ್ಟಲೆ ಕಾಯಬೇಕು. ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇವುಗಳನ್ನು ಲೋಡಿನ ಲೆಕ್ಕದಲ್ಲಿ ಹೇಳಿದರೆ ಲೋಡು ಎಂದರೆ ಎಷ್ಟು ಘನ ಅಡಿ ಎಂದು ಕೇಳಿ ಬರೆಸಿಕೊಳ್ಳಿ. ಹುಲ್ಲಿನ ತಳಿ, ಹನಿ ನೀರಾವರಿ ಕೊಳವೆ, ಸಾಗಣೆ, ಕಸ ವಿಲೇವಾರಿ, ಜಿಎಸ್‌ಟಿ ಇವು ಸೇರಿವೆಯೋ ಇಲ್ಲವೋ ಎಂಬುದು ಸ್ಪಷ್ಟವಾಗಿರಲಿ.

ಬೆಂಗಳೂರಿಗೆ ಬರುವ ಅಲಂಕಾರಿಕ ಗಿಡಗಳಲ್ಲಿ ಸಾಕಷ್ಟು ಪಾಲು ಆಂಧ್ರದ ಗೋದಾವರಿ ತೀರದ ಕಡಿಯಂ ನರ್ಸರಿಗಳಿಂದ ಲಾರಿಯಲ್ಲಿ ಬರುತ್ತದೆ. ಅಲ್ಲಿನ ಸೆಕೆ, ಮೆಕ್ಕಲು ಮಣ್ಣಿಗೆ ಒಗ್ಗಿದ ಗಿಡ ಇಲ್ಲಿ ಚೇತರಿಸಿಕೊಳ್ಳಲು ಕೆಲವು ವಾರ ಬೇಕು. ಆದ್ದರಿಂದ ಲಾರಿಯಿಂದ ಇಳಿದದ್ದನ್ನು ನೇರವಾಗಿ ನೆಲಕ್ಕೆ ನೆಡದೆ ತಮ್ಮ ನರ್ಸರಿಯಲ್ಲಿ ಇಟ್ಟು ಒಗ್ಗಿಸುತ್ತಾರೆಯೇ ಎಂದು ಕೇಳಬೇಕು. ಗಿಡ ಬಂದ ದಿನ ಒಂದೆರಡು ಚೀಲಗಳನ್ನು ಬಿಡಿಸಿ ನೋಡಿ: ಬೇರುಗಳು ಚೀಲದ ಒಳಗೋಡೆಗೆ ಅಂಟಿ ಸಿಂಬಿಯಂತೆ ಸುತ್ತಿಕೊಂಡಿದ್ದರೆ ಅದು ಬಹುಕಾಲ ಚೀಲದಲ್ಲೇ ಉಳಿದ ಗಿಡ, ಅದನ್ನು ಹಿಂದಕ್ಕೆ ಕಳುಹಿಸಿ.

ತಾರಸಿಯ ಮೇಲೆ ತೋಟ ಬಯಸುವವರು ಗುತ್ತಿಗೆದಾರರ ಮಾತಿನ ಮೇಲಷ್ಟೇ ಮುಂದುವರಿಯಬಾರದು. ನೆನೆದ ಮಣ್ಣು ಘನ ಮೀಟರಿಗೆ ಸುಮಾರು 1,800 ಕಿಲೋ ತೂಗುತ್ತದೆ. ಒಂದಡಿ ದಪ್ಪ ಹರಡಿದರೆ ಚದರ ಮೀಟರಿಗೆ 550 ಕಿಲೋ ಆಗುತ್ತದೆ. ಜನ ಓಡಾಡುವ ಸಮತಟ್ಟಾದ ತಾರಸಿಗೆ ಭಾರತೀಯ ಮಾನಕವಾದ ಐಎಸ್ 875 ಹೇಳುವ ಚರಭಾರ (ಜನ, ಸಾಮಾನುಗಳಂತಹ ಬದಲಾಗುವ ಭಾರ) ಚದರ ಮೀಟರಿಗೆ ಸುಮಾರು 150 ಕಿಲೋ ಮಾತ್ರ. ಮನೆಯ ಸ್ಟ್ರಕ್ಚರಲ್ ಎಂಜಿನಿಯರ್ ಲಿಖಿತವಾಗಿ ಒಪ್ಪದ ಹೊರತು ಮಣ್ಣು ಹರಡಿಸಲೇಬೇಡಿ. ಕೋಕೋಪೀಟ್ ಬೆರೆಸಿದ ಹಗುರ ಮಿಶ್ರಣದ ಗ್ರೋ ಬ್ಯಾಗ್‌ಗಳನ್ನು ತೊಲೆಗಳ ಮೇಲೆ ಬರುವಂತೆ ಇಡುವುದು ಸುರಕ್ಷಿತ ದಾರಿ. ವಾಟರ್‌ಪ್ರೂಫಿಂಗ್ ಮಾಡುವವರು ಬೇರೆಯವರಾದರೆ, ಸೋರಿಕೆ ಬಂದಾಗ ಜವಾಬ್ದಾರಿ ಯಾರದ್ದೆಂಬುದನ್ನು ಮೊದಲೇ ಬರೆಸಿಕೊಳ್ಳಬೇಕು.

ಹಣವನ್ನು ಕೆಲಸದ ಹಂತಕ್ಕೆ ತಕ್ಕಂತೆ ಕೊಡಿ. ಸಾಮಗ್ರಿಗೆಂದು ನಾಲ್ಕನೇ ಒಂದು ಭಾಗ ಮುಂಗಡ, ನೆಲದ ಕೆಲಸ ಮತ್ತು ಕೊಳವೆ ಮುಗಿದಾಗ ಒಂದು ಕಂತು, ನೆಟ್ಟ ಮೇಲೆ ಇನ್ನೊಂದು ಎಂದು ಮಾಡಿಕೊಂಡರೆ ಇಬ್ಬರಿಗೂ ಅನುಕೂಲ. ಕೊನೆಯ ಹತ್ತರಿಂದ ಹದಿನೈದು ಶೇಕಡವನ್ನು ಮೂರು ತಿಂಗಳು ತಡೆದಿಟ್ಟುಕೊಂಡು, ಆ ಅವಧಿಯಲ್ಲಿ ಸತ್ತ ಗಿಡಗಳನ್ನು ಅದೇ ಅಳತೆಯಲ್ಲಿ ಬದಲಿಸಿಕೊಡಬೇಕೆಂಬ ಷರತ್ತು ಹಾಕಿ. ಪ್ರಾಮಾಣಿಕ ಗುತ್ತಿಗೆದಾರರು ಇದಕ್ಕೆ ಒಪ್ಪುತ್ತಾರೆ, ಆದರೆ ನೀವು ನೀರು ಹಾಕದೆ ಒಣಗಿಸಿದ ಗಿಡ ಅವರ ಲೆಕ್ಕಕ್ಕೆ ಬರುವುದಿಲ್ಲ ಎಂದೂ ಹೇಳುತ್ತಾರೆ, ಅದು ನ್ಯಾಯವೇ. ಜಾಗದಲ್ಲಿ ಈಗಾಗಲೇ ಮರವಿದ್ದರೆ, ಕಡಿಯುವುದಕ್ಕೆ 1976ರ ಕರ್ನಾಟಕ ಮರಗಳ ಸಂರಕ್ಷಣಾ ಕಾಯ್ದೆಯಡಿ ಸಾಮಾನ್ಯವಾಗಿ ಅನುಮತಿ ಬೇಕಾಗುತ್ತದೆ. ನಾವು ನೋಡಿಕೊಳ್ಳುತ್ತೇವೆ ಎಂಬ ಬಾಯಿಮಾತನ್ನು ಒಪ್ಪದೆ ಅನುಮತಿ ಪತ್ರವನ್ನೇ ಕೇಳಿ.

ನೆಡುವ ಕೆಲಸ ಜೂನ್–ಜುಲೈ ತಿಂಗಳಲ್ಲಿ ಬರುವಂತೆ ಯೋಜಿಸಿದರೆ ಅಕ್ಟೋಬರ್‌ವರೆಗಿನ ಮಳೆಯಲ್ಲಿ ಬೇರು ಹಿಡಿಯುತ್ತದೆ. ಅದಕ್ಕಾಗಿ ಮಾತುಕತೆ ಫೆಬ್ರವರಿಯಲ್ಲೇ ಶುರುವಾಗಬೇಕು. ನಿರ್ವಹಣೆಯ ಕರಾರನ್ನು ಪ್ರತ್ಯೇಕವಾಗಿ ಬರೆಸಿ: ತಿಂಗಳಿಗೆ ಎಷ್ಟು ಸಲ ಮಾಲಿ ಬರುತ್ತಾರೆ, ಹುಲ್ಲು ಕತ್ತರಿಸುವ ಯಂತ್ರ ಯಾರದ್ದು, ಗೊಬ್ಬರದ ಖರ್ಚು ಯಾರದ್ದು, ಕೀಟನಾಶಕ ಸಿಂಪಡಿಸುವ ಮುನ್ನ ತಿಳಿಸುತ್ತಾರೆಯೇ ಎಂಬುದೆಲ್ಲ ಅದರಲ್ಲಿರಲಿ. ಕೆಲಸ ಒಪ್ಪಿಸುವ ದಿನ ನೆಲದಡಿಯ ಕೊಳವೆ ಮತ್ತು ವಿದ್ಯುತ್ ತಂತಿ ಹಾದುಹೋದ ನಕ್ಷೆ, ಪ್ರತಿ ಗಿಡದ ಹೆಸರಿನ ಪಟ್ಟಿ, ಟೈಮರ್ ಮತ್ತು ಪಂಪಿನ ವಾರಂಟಿ ಕಾಗದ ಇವನ್ನು ಪಡೆದು, ನೀರಿನ ವಾಲ್ವುಗಳನ್ನು ನಿಮ್ಮ ಕೈಯಿಂದಲೇ ತಿರುಗಿಸಿ ಪ್ರತಿ ಸಾಲಿಗೂ ನೀರು ತಲುಪುತ್ತಿದೆ ಎಂದು ಖಚಿತಪಡಿಸಿಕೊಂಡ ನಂತರವೇ ನೆಟ್ಟ ಕೆಲಸದ ಕಂತನ್ನು ಕೊಡಿ.