ಟೇಕಾಫ್‌ನಲ್ಲಿ ವಿಮಾನ ಎಡಕ್ಕೆ ಎಳೆದಾಗ

ನಾನು ವಿಮಾನ ಹಾರಿಸಲು ಕಲಿಸುವವನು. ಮೈಸೂರಿನ ಮಂಡಕಳ್ಳಿ ವಿಮಾನ ನಿಲ್ದಾಣದ ರನ್‌ವೇ ಪೂರ್ವ-ಪಶ್ಚಿಮವಾಗಿದೆ. ಮಳೆಗಾಲದಲ್ಲಿ ಗಾಳಿ ಪಶ್ಚಿಮದ ಕಡೆಯಿಂದ ಬರುತ್ತದೆ. ಹಾಗಾಗಿ ಪಾಠಕ್ಕೆ ಹೆಚ್ಚಾಗಿ ರನ್‌ವೇ 27, ಅಂದರೆ ಪಶ್ಚಿಮಕ್ಕೆ ಮುಖ ಮಾಡಿ ಓಡುವ ದಿಕ್ಕು, ಹಿಡಿಯುತ್ತೇವೆ. ಗಾಳಿ ಸ್ವಲ್ಪ ನೈರುತ್ಯಕ್ಕೆ ತಿರುಗಿದರೆ ಎಡಗಡೆಯಿಂದ ಹೊಡೆಯುತ್ತದೆ. ನಮ್ಮ ಪಾಠದ ಸಣ್ಣ ವಿಮಾನ ಸೆಸ್ನಾ 172 ಅಂತೂ ಪೂರ್ತಿ ಪವರ್ ಕೊಟ್ಟರೆ ಎಡಕ್ಕೆ ಎಳೆಯುತ್ತದೆ. ಪ್ರೊಪೆಲ್ಲರ್ ಸುತ್ತಿ ಬಿಟ್ಟ ಗಾಳಿ ಬಾಲದ ಎಡಬದಿಗೆ ಬಡಿಯುತ್ತದೆ, ಟಾರ್ಕ್ (ಪ್ರೊಪೆಲ್ಲರ್ ತಿರುಗುವುದಕ್ಕೆ ವಿರುದ್ಧವಾಗಿ ವಿಮಾನವನ್ನು ತಿರುಚುವ ಬಲ) ಎಡ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಕಲಿಯುವವರಿಗೆ ಇದೆಲ್ಲ ಬಾಯಿಪಾಠ. ಕಾಲಿಗೆ ಮಾತ್ರ ಗೊತ್ತಿರುವುದಿಲ್ಲ.

ಮಂಡ್ಯ ಕಡೆಯ ಒಬ್ಬ ಹುಡುಗ ಬಂದಿದ್ದ. ಟ್ರ್ಯಾಕ್ಟರ್ ಓಡಿಸಿ ಬೆಳೆದವನು, ಕೈ ಚುರುಕು. ಅದೇ ತೊಂದರೆ ಆಯಿತು. ಇಂಜಿನ್‌ಗೆ ಪವರ್ ಕೊಡುವ ಥ್ರಾಟಲನ್ನು ಒಂದೇ ಸಲ ತಳ್ಳಿದ. ಮೂತಿ ಎಡಕ್ಕೆ ತಿರುಗಿತು. ಅವನು ಯೋಕನ್ನು, ಅಂದರೆ ರೆಕ್ಕೆ ಓಲಿಸುವ, ಮೂತಿ ಎತ್ತುವ ಕೈಹಿಡಿಯನ್ನು, ಸ್ಟೀರಿಂಗ್ ಥರ ಬಲಕ್ಕೆ ತಿರುಗಿಸಿದ. ನೆಲದ ಮೇಲೆ ಅದರಿಂದ ವಿಮಾನ ತಿರುಗಲ್ಲ, ಮುಂದಿನ ಚಕ್ರ ತಿರುಗುವುದು ಕಾಲಿನ ರಡರ್ ಪೆಡಲ್‌ನಿಂದ (ರಡರ್ ಅಂದರೆ ಮೂತಿಯನ್ನು ಎಡಬಲ ತಿರುಗಿಸುವ ಬಾಲದ ಹಲಗೆ). ಎಡಗಾಳಿಗೆ ಯೋಕ್ ಎಡಕ್ಕಿರಬೇಕು ಬೇರೆ. ಬಲಕ್ಕೆ ತಿರುಗಿಸಿದ್ದಕ್ಕೆ ಎಡ ರೆಕ್ಕೆ ಏಳತೊಡಗಿತು.

"ಸರ್, ಎಳೀತಿದೆ!" ಅಂದವನೇ ಬಲ ಪೆಡಲ್ ಜೋರಾಗಿ ತುಳಿದ. ಬಲಕ್ಕೆ ಹೋಯಿತು, ಮತ್ತೆ ಎಡಕ್ಕೆ. ವೇಗ 40 ನಾಟ್ (ಗಂಟೆಗೆ ಸುಮಾರು 74 ಕಿ.ಮೀ.) ದಾಟಿತ್ತು. ಗಾಬರಿಯಲ್ಲಿ ಯೋಕ್ ಎಳೆಯಲು ಹೊರಟ. ನನಗೆ ನಿಜವಾಗಿ ಭಯ ಆಗಿದ್ದು ಆಗಲೇ. 55 ನಾಟ್ ಬರುವ ಮೊದಲೇ ಎಳೆದರೆ ವಿಮಾನ ಒಂದಿಷ್ಟು ಎದ್ದೀತು, ಆದರೆ ಹಾರುವಷ್ಟು ವೇಗ ಇರಲ್ಲ. ಸ್ಟಾಲ್ ಆಗಿ, ಅಂದರೆ ರೆಕ್ಕೆಗೆ ಎತ್ತುವ ಬಲ ತಪ್ಪಿ, ಒಂದು ರೆಕ್ಕೆ ಕುಸಿದರೆ ಸರಿಪಡಿಸಲು ಎತ್ತರವೇ ಇಲ್ಲ.

ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದೆ. ಎಳೆಯುತ್ತಲೇ "ಐ ಹ್ಯಾವ್ ಕಂಟ್ರೋಲ್" ಅಂದೆ, ವಿಮಾನ ಇನ್ನು ನನ್ನ ಕೈಯಲ್ಲಿ ಅಂತ. ಪವರ್ ಹೋದರೆ ಇಂಜಿನ್ನಿನ ಎಳೆತವೂ ಹೋಗುತ್ತದೆ, ಉಳಿಯುವುದು ಗಾಳಿ ಮಾತ್ರ. ಪೆಡಲ್ ಸಣ್ಣಗೆ ಒತ್ತಿ ನೇರ ಮಾಡಿದೆ. ನೇರವಾದ ಮೇಲಷ್ಟೇ ಬ್ರೇಕ್. ಟವರ್‌ಗೆ ಹೇಳಿ ವಾಪಸ್ ಬಂದೆವು.

ಬೈದರೆ ಕಾಲು ಇನ್ನೂ ಬಿಗಿಯಾಗುತ್ತದೆ, ಅಲ್ವಾ? ಇಂಜಿನ್ ಆಫ್ ಮಾಡಿ ಅಲ್ಲೇ ಕೂರಿಸಿದೆ. ಹಿಮ್ಮಡಿ ನೆಲಕ್ಕೆ ಊರಿಸಿದೆ. ಪಾದ ಪೆಡಲ್‌ನ ಮೇಲ್ಭಾಗಕ್ಕೆ ಜಾರಿದರೆ ರಡರ್ ಬದಲು ಬ್ರೇಕ್ ಸಿಗುತ್ತದೆ. ಆಮೇಲೆ ಗಾಳಿ ಇಲ್ಲದ ಬೆಳಗ್ಗೆ ಕೈ ತೊಡೆ ಮೇಲಿಟ್ಟು ಬರೀ ಕಾಲಲ್ಲೇ ಟ್ಯಾಕ್ಸಿ ಮಾಡಿಸಿದೆ, ಅಂದರೆ ವಿಮಾನವನ್ನು ನೆಲದ ಮೇಲೆ ನಿಧಾನವಾಗಿ ಓಡಿಸಲು ಹೇಳಿದೆ. ಟೇಕಾಫ್‌ನಲ್ಲಿ ಥ್ರಾಟಲ್ ನಾನೇ ನಿಧಾನವಾಗಿ ತಳ್ಳಿದೆ. "ರನ್‌ವೇ ಕೊನೆ ನೋಡು, ಮೂತಿ ನೋಡ್ಬೇಡ. ಕಾಲು ಮಾತ್ರ ನಿಂದು," ಅಂದೆ. ನೇರ ಹೋದ.

ಈಗ ಎಲ್ಲರಿಂದಲೂ ಟೇಕಾಫ್‌ಗೆ ಮುಂಚೆ ಬಾಯಿಬಿಟ್ಟು ಹೇಳಿಸುತ್ತೇನೆ: ಚಕ್ರ ನೆಲದ ಮೇಲಿದ್ದು ದಿಕ್ಕು ತಪ್ಪಿದರೆ ಥ್ರಾಟಲ್ ಹಿಂದಕ್ಕೆ. ಕನ್ನಡದಲ್ಲೇ ಹೇಳಲಿ, ಇಂಗ್ಲಿಷ್ ರೇಡಿಯೋಗೆ ಇರಲಿ.