ಬೈಕ್ ಸೆಲ್ಫ್ ತಗೋತಿಲ್ವಾ? ಮೊದಲು ಮೀಟರ್ ಹಿಡಿಯಿರಿ

ಹೋದ ಮಳೆಗಾಲದಲ್ಲಿ ಸಾಗರದ ನಮ್ಮ ಭಾವ ಬೈಕಿಗೆ ಹೊಸ ಬ್ಯಾಟರಿ ಹಾಕಿಸಿದರು. ಎರಡು ದಿನ ಚೆನ್ನಾಗಿತ್ತು. ಮೂರನೇ ದಿನ ಬೆಳಿಗ್ಗೆ ಬಟನ್ ಒತ್ತಿದರೆ ಮತ್ತೆ ಅದೇ ‘ಟಕ್’. ಹಳೇ ಬ್ಯಾಟರಿ ಆಗಲೇ ಎಕ್ಸ್‌ಚೇಂಜಿಗೆ ಹೋಗಿತ್ತು. ಹುಡುಕಿದಾಗ ಸಿಕ್ಕಿದ್ದು ಇಂಜಿನ್ನಿಗೆ ಬಿಗಿದಿದ್ದ ಅರ್ತ್ ವೈರ್, ಅಂದರೆ ಕರೆಂಟ್ ಬ್ಯಾಟರಿಯ ಮೈನಸ್ಸಿಗೆ ವಾಪಸ್ ಹೋಗುವ ತಂತಿ. ಅದರ ಬೋಲ್ಟಿನ ಅಡಿಯಲ್ಲಿ ಕೆಸರು, ತುಕ್ಕು. ಉಪ್ಪುಕಾಗದದಲ್ಲಿ ಉಜ್ಜಿ ಬಿಗಿ ಮಾಡಿದ್ದಕ್ಕೆ ಖರ್ಚಾಗಿದ್ದು ಹತ್ತು ನಿಮಿಷ. ಇಂಥ ‘ಬ್ಯಾಟರಿ ಹೋಯ್ತು’ ಪ್ರಕರಣಗಳನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಒಂದು ಡಿಜಿಟಲ್ ಮಲ್ಟಿಮೀಟರ್, ಸ್ಕ್ರೂ ಡ್ರೈವರ್, 10ನೇ ನಂಬರ್ ಸ್ಪ್ಯಾನರ್, ಉಪ್ಪುಕಾಗದದ ಚೂರು, ಸ್ವಲ್ಪ ವ್ಯಾಸಲೀನ್. ಮೀಟರ್ ಅಗ್ಗದ್ದಾದರೂ ನಡೆಯುತ್ತದೆ. ಬೆಂಗಳೂರಿನವರು ಎಸ್.ಪಿ. ರಸ್ತೆಯಲ್ಲಿ ಒಂದು ಸುತ್ತು ಹಾಕಿ, ಉಳಿದವರಿಗೆ ಊರಿನ ಎಲೆಕ್ಟ್ರಿಕಲ್ ಅಂಗಡಿ ಸಾಕು. ಮೀಟರಿನ ತಂತಿಗಳ ತುದಿಯ ಮುಳ್ಳು ಮಾತ್ರ ಚೂಪಾಗಿರಲಿ.

ಹಂತ 1. ಕಿಲ್ ಸ್ವಿಚ್ (ಹ್ಯಾಂಡಲ್ ಮೇಲಿನ, ಇಂಜಿನ್ ಆಫ್ ಮಾಡುವ ಬಟನ್), ನ್ಯೂಟ್ರಲ್, ಸೈಡ್ ಸ್ಟ್ಯಾಂಡ್, ಕ್ಲಚ್ ನೋಡಿ. ನಗಬೇಡಿ, ಪಾರ್ಕಿಂಗಿನಲ್ಲಿ ಮಕ್ಕಳು ಕಿಲ್ ಸ್ವಿಚ್ ಒತ್ತಿ ಹೋಗಿದ್ದಕ್ಕೆ ಬೈಕನ್ನು ಗ್ಯಾರೇಜಿನವರೆಗೆ ತಳ್ಳಿದವರಿದ್ದಾರೆ.

ಹಂತ 2. ಬಟನ್ ಒತ್ತಿ, ಕಿವಿಗೊಡಿ. ಏನೂ ಸದ್ದಿಲ್ಲ ಅಂದರೆ ಫ್ಯೂಸ್, ಸ್ವಿಚ್ ಅಥವಾ ರಿಲೇ (ಬಟನ್ ಒತ್ತಿದಾಗ ಬ್ಯಾಟರಿಯ ಕರೆಂಟನ್ನು ಸ್ಟಾರ್ಟರ್ ಮೋಟಾರಿಗೆ ಸೇರಿಸುವ ಸ್ವಿಚ್) ಕಡೆ ಅನುಮಾನ. ‘ಟಕಟಕಟಕ’ ಅಂದರೆ ಕರೆಂಟ್ ಸಾಲುತ್ತಿಲ್ಲ. ಒಂದೇ ಒಂದು ‘ಟಕ್’ ಬಂದು ಸುಮ್ಮನಾದರೆ ರಿಲೇ ಕೆಲಸ ಮಾಡಲು ಹೊರಟಿದೆ, ಆದರೆ ಮೋಟಾರಿಗೆ ಕರೆಂಟ್ ಮುಟ್ಟುತ್ತಿಲ್ಲ. ಅಥವಾ ಮೋಟಾರೇ ಕೆಟ್ಟಿದೆ. ಮೋಟಾರ್ ‘ಜುಂಯ್’ ಅಂತ ತಿರುಗಿಯೂ ಇಂಜಿನ್ ಅಲುಗಾಡದಿದ್ದರೆ ಮೋಟಾರಿನ ತಿರುಗಾಟವನ್ನು ಇಂಜಿನ್ನಿಗೆ ದಾಟಿಸುವ ಒಳಗಿನ ಒನ್ ವೇ ಕ್ಲಚ್ ಸವೆದಿರುತ್ತದೆ. ಅದು ಮೆಕ್ಯಾನಿಕ್ ಕೆಲಸ, ಮುಂದಿನ ಹಂತಗಳು ನಿಮಗೆ ಬೇಡ.

ಹಂತ 3. ಬ್ಯಾಟರಿ. ರಾತ್ರಿಯಿಡೀ ನಿಂತ ಬೈಕಿನಲ್ಲಿ, ಕೀ ಹಾಕುವ ಮೊದಲೇ ನೋಡಿ. ಮೀಟರನ್ನು ಡಿಸಿ 20 ವೋಲ್ಟಿಗೆ ಇಟ್ಟು ಅದರ ಮುಳ್ಳುಗಳನ್ನು ಬ್ಯಾಟರಿಯ ಎರಡೂ ಪೋಲಿಗೆ (ಪ್ಲಸ್, ಮೈನಸ್ ತುದಿಗಳಿಗೆ) ಮುಟ್ಟಿಸಿ. 12.6 ಅಥವಾ ಮೇಲಿದ್ದರೆ ತುಂಬಿದೆ. 12.4 ಪರವಾಗಿಲ್ಲ. 12ರ ಆಸುಪಾಸು ಅಂದರೆ ಹೆಚ್ಚುಕಡಿಮೆ ಖಾಲಿ, ಮೊದಲು ಚಾರ್ಜ್ ಮಾಡಿಸಿ. ಕಾರಿನ ಬ್ಯಾಟರಿಯ ದೊಡ್ಡ ಚಾರ್ಜರಿಗೆ ಸಿಕ್ಕಿಸಿ ‘ಒಂದು ಗಂಟೇಲಿ ಕೊಡ್ತೀನಿ’ ಅನ್ನುವವರ ಕೈಗೆ ಕೊಡಬೇಡಿ. 4 ಆಂಪಿಯರ್ ಅವರ್‌ನ ಪುಟ್ಟ ಬ್ಯಾಟರಿಗೆ 0.4 ಆಂಪಿಯರ್ ಸಾಕು, ನಿಧಾನಕ್ಕೆ ತುಂಬಲಿ. ಸೀಲ್ ಆದ ಬ್ಯಾಟರಿಯ ಮುಚ್ಚಳ ಕಿತ್ತು ನೀರು ಹಾಕುವ ಬುದ್ಧಿವಂತಿಕೆಯೂ ಬೇಡ.

ಈಗ ಮುಳ್ಳುಗಳನ್ನು ಅಲ್ಲೇ ಇಟ್ಟುಕೊಂಡು ಯಾರಿಗಾದರೂ ಸೆಲ್ಫ್ ಒತ್ತಲು ಹೇಳಿ. ತುಂಬಿದ ಬ್ಯಾಟರಿ 9.5ಕ್ಕಿಂತ ಕೆಳಗೆ ಬಿದ್ದರೆ ಅದರ ಕಾಲ ಮುಗಿದಿರಬಹುದು. 11ರ ಮೇಲೇ ನಿಂತು, ಮೋಟಾರ್ ಮಾತ್ರ ತಿರುಗದಿದ್ದರೆ? ಬ್ಯಾಟರಿ ನಿರಪರಾಧಿ.

ಹಂತ 4. ಎಲ್ಲರೂ ಎಡವುವುದು ಇಲ್ಲೇ. ಮೆಕ್ಯಾನಿಕ್ ಹುಡುಗರು ವೈರಿನ ಎರಡು ತುದಿಗೆ ಮೀಟರ್ ಹಿಡಿದು ‘ಬೀಪ್ ಬರ್ತಿದೆ, ವೈರ್ ಸರಿ ಇದೆ’ ಅಂತ ಮುಂದೆ ಹೋಗುತ್ತಾರೆ. ಬೀಪ್ ಬರಲು ಕೂದಲೆಳೆಯಷ್ಟು ಕರೆಂಟ್ ಹರಿದರೆ ಸಾಕು. ಸ್ಟಾರ್ಟರ್ ಮೋಟಾರಿಗೆ ಬೇಕಾದದ್ದು ಹತ್ತಾರು ಆಂಪಿಯರ್. 50 ಆಂಪಿಯರ್ ಹರಿಯುವಾಗ ಜಾಯಿಂಟಿನಲ್ಲಿ ಬರೀ 0.04 ಓಮ್ ತಡೆ ಇದ್ದರೂ 2 ವೋಲ್ಟ್ ಅಲ್ಲೇ ಹೋಯಿತು. ಅದಕ್ಕೇ ಬಟನ್ ಒತ್ತಿದಾಗಲೇ ಅಳೆಯಬೇಕು. ಒತ್ತದೆ ಅಳೆದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ.

ಹೀಗೆ ಮಾಡಿ. ಕೆಂಪು ಮುಳ್ಳನ್ನು ಬ್ಯಾಟರಿಯ ಪ್ಲಸ್ ಪೋಲಿನ ಲೋಹಕ್ಕೇ ಚುಚ್ಚಿ. ಬೋಲ್ಟಿಗೂ ಅಲ್ಲ, ವೈರಿನ ಲಗ್ಗಿಗೂ (ತುದಿಯ ಲೋಹದ ಬಳೆ) ಅಲ್ಲ. ಹಾಗೆ ಮಾಡಿದರೆ ಕೆಟ್ಟ ಜಾಯಿಂಟನ್ನೇ ಬಿಟ್ಟು ಅಳೆದಂತೆ. ಕಪ್ಪು ಮುಳ್ಳನ್ನು ಸ್ಟಾರ್ಟರ್ ಮೋಟಾರಿಗೆ ದಪ್ಪ ವೈರ್ ಸೇರುವ ಬೋಲ್ಟಿಗೆ ಹಿಡಿಯಿರಿ. ರಬ್ಬರ್ ಟೋಪಿ ಇದ್ದರೆ ಸರಿಸಿ. ಸೆಲ್ಫ್ ಒತ್ತಿ, ಐದು ಸೆಕೆಂಡಿಗಿಂತ ಜಾಸ್ತಿ ಬೇಡ. ಒತ್ತುವ ಮೊದಲು ಮೀಟರ್ 12 ತೋರಿಸುತ್ತದೆ, ಗಾಬರಿ ಬೇಡ; ಒತ್ತಿದಾಗ ಬರುವ ಅಂಕಿಯೇ ಮುಖ್ಯ. ಅರ್ಧ ವೋಲ್ಟಿನೊಳಗಿದ್ದರೆ ಪ್ಲಸ್ ದಾರಿ ಸರಿ. ಒಂದೋ ಎರಡೋ ವೋಲ್ಟ್ ಬಂದರೆ ಅಷ್ಟು ದಾರಿಯಲ್ಲೇ ಸೋರಿದೆ. ಒತ್ತಿದರೂ 12ರಿಂದ ಇಳಿಯದಿದ್ದರೆ ರಿಲೇ ಸೇರುತ್ತಿಲ್ಲ, ಇಲ್ಲವೇ ವೈರ್ ತುಂಡಾಗಿದೆ. ಆಗ ಕಪ್ಪು ಮುಳ್ಳನ್ನು ಹಿಂದಕ್ಕೆ ತನ್ನಿ: ರಿಲೇಯ ಆಚೆ ಬೋಲ್ಟ್, ಈಚೆ ಬೋಲ್ಟ್, ಬ್ಯಾಟರಿಯ ಲಗ್. ಯಾವ ಜಾಗ ದಾಟಿದಾಗ ಅಂಕಿ ದಿಢೀರ್ ಇಳಿಯುತ್ತದೋ ಕಳ್ಳ ಅಲ್ಲೇ ಇದ್ದಾನೆ.

ಇಷ್ಟಕ್ಕೇ ನಿಲ್ಲಿಸಬೇಡಿ. ಕರೆಂಟ್ ವಾಪಸ್ ಬರುವ ದಾರಿಯೂ ಇದೆ, ಅದನ್ನು ಯಾರೂ ನೋಡುವುದಿಲ್ಲ. ಕಪ್ಪು ಮುಳ್ಳು ಮೈನಸ್ ಪೋಲಿಗೆ, ಕೆಂಪು ಮುಳ್ಳು ಇಂಜಿನ್ನಿನ ಪೇಂಟ್ ಇಲ್ಲದ ಲೋಹಕ್ಕೆ. ಮತ್ತೆ ಸೆಲ್ಫ್. 0.3 ವೋಲ್ಟ್ ದಾಟಿದರೆ ಅರ್ತ್ ವೈರ್ ಬಿಚ್ಚಿ ನೋಡಿ. ನಮ್ಮ ಭಾವನ ಬೈಕಿನಲ್ಲಿ ಬಂದಿದ್ದು 3.1.

ಹಂತ 5. ಉಜ್ಜುವುದು. ಬಿಚ್ಚುವಾಗ ಮೈನಸ್ ಮೊದಲು, ಹಾಕುವಾಗ ಮೈನಸ್ ಕೊನೆಗೆ. ಉಲ್ಟಾ ಮಾಡಿ, ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಫ್ರೇಮಿಗೆ ತಗುಲಿದರೆ ಕಿಡಿ ಹಾರುತ್ತದೆ. ಬಿಳಿ-ಹಸಿರು ಪುಡಿ ಇದ್ದರೆ ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಒರೆಸಿ, ಒಣಗಿಸಿ. ಲಗ್ಗಿನ ಎರಡೂ ಮುಖ ಹೊಳೆಯುವವರೆಗೆ ಉಜ್ಜಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ವ್ಯಾಸಲೀನ್ ಸವರಿ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕೈ ತೊಳೆದುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ; ಮುಂದಿನ ಮಳೆಗೆ ಮತ್ತೆ ಅದೇ ಗೋಳು. ಇನ್ನೊಂದು ಕಿರಿಕಿರಿ: ಬ್ಯಾಟರಿ ಟರ್ಮಿನಲ್ಲಿನೊಳಗಿನ ಚೌಕ ನಟ್ ಕೆಳಗೆ ಜಾರಿ ಬೋಲ್ಟಿಗೆ ಸಿಗುವುದೇ ಇಲ್ಲ. ಅದರಡಿಗೆ ಸ್ಪಂಜಿನ ಚೂರು ತುರುಕಿ, ತಾನಾಗಿ ಮೇಲೆ ನಿಲ್ಲುತ್ತದೆ.

ಹಂತ 6. ಎರಡೂ ದಾರಿ ಸರಿಯಿದ್ದು, ಒತ್ತಿದಾಗ ಮೋಟಾರಿನ ಬೋಲ್ಟಿಗೆ 10-11 ವೋಲ್ಟ್ ಬಂದರೂ ಅದು ತಿರುಗದಿದ್ದರೆ ಮೋಟಾರಿನೊಳಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ಬ್ರಷ್ ಸವೆದಿರಬಹುದು. ಮೋಟಾರನ್ನೇ ಬದಲಿಸಿ ಅಂದರೆ ಬ್ರಷ್ ಸೆಟ್ ಸಿಗುತ್ತದಾ ಅಂತ ಮೊದಲು ಕೇಳಿ. ರಿಲೇಯ ಎರಡು ಬೋಲ್ಟಿಗೆ ಸ್ಕ್ರೂ ಡ್ರೈವರ್ ಅಡ್ಡ ಇಟ್ಟು ಸ್ಟಾರ್ಟ್ ಮಾಡುವ ಉಪಾಯ ಎಲ್ಲ ಗ್ಯಾರೇಜಿನಲ್ಲೂ ಇದೆ. ಕೆಲಸವೇನೋ ಆಗುತ್ತದೆ. ಆದರೆ ಗೇರಿನಲ್ಲಿದ್ದರೆ ಬೈಕ್ ಮುಂದಕ್ಕೆ ನೆಗೆಯುತ್ತದೆ, ಪೆಟ್ರೋಲ್ ಟ್ಯಾಂಕಿನ ಪಕ್ಕದಲ್ಲೇ ಕಿಡಿ. ನಾನು ಮಾಡುವುದಿಲ್ಲ.

ಹಂತ 7. ಬೈಕ್ ಸ್ಟಾರ್ಟ್ ಆಯಿತಾ? ಮೀಟರ್ ಒಳಗಿಡಬೇಡಿ. ಆಕ್ಸಿಲರೇಟರ್ ಸ್ವಲ್ಪ ಕೊಟ್ಟು ಬ್ಯಾಟರಿಯ ಮೇಲೆ ನೋಡಿ. 13.5ರಿಂದ 14.5 ಇರಬೇಕು. ಏರದೆ 12ರಲ್ಲೇ ಇದ್ದರೆ ಚಾರ್ಜ್ ಆಗುತ್ತಿಲ್ಲ, ನಾಳೆ ಮತ್ತೆ ‘ಟಕ್’. 15 ದಾಟಿದರೆ ಚಾರ್ಜಿಂಗ್ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ, ಅದನ್ನು ಬದಲಿಸುವವರೆಗೆ ಹೊಸ ಬ್ಯಾಟರಿ ಹಾಕಲೇಬೇಡಿ.