ಮಾವನ ಜಾವಾಗೆ ಮೂರು ಬಣ್ಣ

ಮದ್ದೂರಿನ ಹತ್ತಿರ ನಮ್ಮ ಸೋದರಮಾವನ ಕೊಟ್ಟಿಗೆಯಲ್ಲಿ 1968ರ ಜಾವಾ ಬೈಕೊಂದು ಹುಲ್ಲಿನ ಪಕ್ಕ ನಿಂತೇ ಇತ್ತು. ಲಗೇಜ್ ಆಟೋದಲ್ಲಿ ಹಾಕಿಕೊಂಡು ಮೈಸೂರಿಗೆ ತಂದೆ. ಒಂಥರಾ ತವರಿಗೆ ಬಂತು ಅನ್ನಿ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಹುಟ್ಟಿದ್ದು. 1961ರಲ್ಲಿ ಶುರುವಾದ ಆ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು.

"ಮೊದಲಿಂದಲೂ ಕಪ್ಪೇ ಕಣ್ಲಾ, ಕಪ್ಪೇ ಹೊಡೆಸು" ಎಂದಿದ್ದರು ಮಾವ.

ಹೊಸದು ಹೊಡೆಸುವ ಮೊದಲು ಹಳೇ ಬಣ್ಣ ಕೀಳಬೇಕು. ಮಡ್‌ಗಾರ್ಡು, ಟೂಲ್ ಬಾಕ್ಸು, ಸ್ಟ್ಯಾಂಡು ಇವಕ್ಕೆ ಕಾಸ್ಟಿಕ್ ಸೋಡಾ ಸಾಕಾಯಿತು. ಹತ್ತು ಲೀಟರ್ ನೀರಿಗೆ ಅರ್ಧ ಕೆಜಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು. ಸೋಡಾದ ಮೇಲೆ ನೀರು ಸುರಿದರೆ ಕುದ್ದು ಮುಖಕ್ಕೆ ಹಾರುತ್ತದೆ. ದಪ್ಪ ರಬ್ಬರ್ ಗ್ಲೌಸು, ಕನ್ನಡಕ ಬೇಕೇ ಬೇಕು. ಎಣ್ಣೆ ಬಣ್ಣದಲ್ಲಿರುವ ಎಣ್ಣೆಯನ್ನು ಕಾಸ್ಟಿಕ್ ಸೋಪು ಮಾಡಿಬಿಡುತ್ತದೆ. ರಾತ್ರಿ ನೆನೆಹಾಕಿದರೆ ಬೆಳಿಗ್ಗೆ ಕತ್ತದ ಬ್ರಷ್‌ಗೆ ಕೆನೆ ಥರ ಬರುತ್ತದೆ. ಈಗಿನ ಪಿಯು (ಪಾಲಿಯುರೆಥೇನ್) ಬಣ್ಣಕ್ಕೆ ಇದು ಅಷ್ಟಾಗಿ ನಾಟುವುದಿಲ್ಲ.

ಇಲ್ಲೇ ನಾನು ಎಡವಿದ್ದು. ಯಾರೋ ಸಿಲ್ವರ್ ಬಣ್ಣ ಬಳಿದಿದ್ದ ಇಂಜಿನ್ ಕವರನ್ನೂ ಅದೇ ಡ್ರಮ್ಮಿಗೆ ಹಾಕಿಬಿಟ್ಟೆ. ಅದು ಅಲ್ಯೂಮಿನಿಯಂ. ಸ್ವಲ್ಪ ಹೊತ್ತಿಗೆ ಬುಸ ಬುಸ ಗುಳ್ಳೆ. ಆ ಗುಳ್ಳೆ ಹೈಡ್ರೋಜನ್, ಬೆಂಕಿ ತಾಗಿದರೆ ಹತ್ತಿಕೊಳ್ಳುತ್ತದೆ. ಎತ್ತಿ ನೋಡಿದರೆ ಕವರು ಕಪ್ಪಾಗಿ, ಮೈಯೆಲ್ಲ ಸಿಡುಬಿನ ಕಲೆ. ಅವತ್ತಿನಿಂದ ಹಳೇ ಸ್ಪೀಕರಿನ ಮ್ಯಾಗ್ನೆಟ್ ಒಂದು ಜೇಬಲ್ಲೇ ಇರುತ್ತದೆ. ಅಂಟಿಕೊಳ್ಳದ ಭಾಗ ಡ್ರಮ್ಮಿನ ಹತ್ತಿರವೂ ಹೋಗುವುದಿಲ್ಲ.

ಟ್ಯಾಂಕಿಗೆ ಪೇಂಟ್ ರಿಮೂವರ್ ತಂದೆ. ನಾನು ತಂದಿದ್ದು ಮೀಥಿಲೀನ್ ಕ್ಲೋರೈಡ್ ಇರುವಂಥದ್ದು. ಅದು 40 ಡಿಗ್ರಿಗೇ ಕುದಿಯುತ್ತದೆ. ಏಪ್ರಿಲ್ ಬಿಸಿಲಲ್ಲಿ ಕಾದ ತಗಡಿಗೆ ಹಚ್ಚಿದರೆ ಕೆಲಸ ಮಾಡುವ ಮೊದಲೇ ಆವಿಯಾಗಿ ಹೋಗುತ್ತದೆ. ಹಾಗಾಗಿ ಬೆಳಿಗ್ಗೆ ಏಳಕ್ಕೆ, ಹಿತ್ತಲಿನ ನೆರಳಲ್ಲಿ. ಮುಚ್ಚಿದ ಕೋಣೆಯಲ್ಲಿ ಮಾತ್ರ ಬೇಡವೇ ಬೇಡ, ಆ ಹೊಗೆ ಜೀವಕ್ಕೇ ಅಪಾಯ. ತೆಳು ಗ್ಲೌಸನ್ನು ದಾಟಿ ಕೈ ಸುಡುತ್ತದೆ, ಅದೂ ಅನುಭವವಾಯಿತು. ದಪ್ಪಗೆ, ಒಂದೇ ದಿಕ್ಕಿಗೆ ಹಚ್ಚಿ. ಗೋಡೆಗೆ ಬಳಿಯುವ ಹಾಗೆ ಹಿಂದೆ ಮುಂದೆ ಉಜ್ಜಬಾರದು. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅರ್ಧ ಗಂಟೆ ಬಿಟ್ಟರೆ ಬಣ್ಣ ಕಾದ ಎಣ್ಣೆಯಲ್ಲಿ ಹಪ್ಪಳ ಉಬ್ಬಿದಂತೆ ಏಳುತ್ತದೆ.

ಮೊದಲು ಕಪ್ಪು ಬಂತು. ಅದರಡಿ ನೀಲಿ! ಇನ್ನೊಂದು ಸಲ ಹಚ್ಚಿದ ಮೇಲೆ ಮರೂನ್. ಜೊತೆಗೆ ಬಲಗಡೆ ಬೆರಳು ದಪ್ಪದ ಲಪ್ಪವೂ (ಹಳ್ಳ ಮುಚ್ಚಲು ಮೆತ್ತುವ ಪುಟ್ಟಿ) ಮೆತ್ತಗಾಗಿ ಬಿತ್ತು, ಒಳಗಿದ್ದ ಹಳ್ಳ ಕಾಣಿಸಿತು. ಟಿಂಕರಿಂಗ್ ಖರ್ಚು ಬೇರೆ. ಟ್ಯಾಂಕಿಗೆ ಹೀಟ್ ಗನ್, ಗ್ರೈಂಡರ್ ಯಾವುದನ್ನೂ ಮುಟ್ಟಿಸಲಿಲ್ಲ. ಸೋಪು ನೀರಲ್ಲಿ ತೊಳೆದು ಎರಡು ವಾರ ಒಣಗಿಸಿದರೂ ಒಳಗೆ ಪೆಟ್ರೋಲ್ ವಾಸನೆ ಇತ್ತು.

ಮೂಲೆಗಳಲ್ಲಿ ಉಳಿದದ್ದನ್ನು ವಾಟರ್ ಪೇಪರಿನಲ್ಲಿ, ನೀರು ಹಾಕಿಯೇ ಉಜ್ಜಿದೆ. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದು, ಒಣ ಧೂಳು ಎದೆಗೆ ಹೋಗಬಾರದು. ಫ್ರೇಮ್ ನಂಬರಿನ ಸುತ್ತ ಮಾತ್ರ ರಿಮೂವರ್ ಮತ್ತು ಹಳೇ ಹಲ್ಲುಜ್ಜುವ ಬ್ರಷ್. ಉಜ್ಜಿ ಉಜ್ಜಿ ಒಂದು ಅಂಕಿ ಅಳಿಸಿತೋ, ಆರ್‌ಟಿಓ ಮುಂದೆ ನಿಂತು ಯಾರು ಸಮಾಧಾನ ಹೇಳುವುದು? ಸ್ಯಾಂಡ್ ಬ್ಲಾಸ್ಟಿಂಗ್, ಅಂದರೆ ಜೋರಾಗಿ ಮರಳು ಸಿಡಿಸಿ ಬಣ್ಣ ಕೀಳುವುದು, ಮಾಡಿಸು ಅಂತ ಸ್ನೇಹಿತರು ಅಂದರು. ಫ್ರೇಮಿಗೆ ಸರಿ, ತೆಳು ತಗಡು ಸೊಟ್ಟಗಾಗುತ್ತದೆ ಅಂತ ನಾನು ಒಪ್ಪಲಿಲ್ಲ.

ಬರೀ ಕಬ್ಬಿಣಕ್ಕೆ ತುಕ್ಕು ಕಾಯುತ್ತಾ ಕೂತಿರುತ್ತದೆ. ತೊಳೆದ ಮಡ್‌ಗಾರ್ಡನ್ನು ಕಾಫಿ ಕುಡಿದು ಬಂದು ನೋಡುವಷ್ಟರಲ್ಲಿ ಕೇಸರಿ ಬಣ್ಣ. ಮತ್ತೆ ಉಜ್ಜಿ, ಒಣಗಿಸಿ, ಬನಿಯನ್ ವೇಸ್ಟಿಗೆ ಥಿನ್ನರ್ ಹಾಕಿ ಒರೆಸಿ, ಅವತ್ತೇ ಬಣ್ಣದ ಅಡಿಗೆ ಹಾಕುವ ಎಪಾಕ್ಸಿ ಪ್ರೈಮರ್ ಹೊಡೆದೆ. ರೆಡ್ ಆಕ್ಸೈಡ್ ಪ್ರೈಮರ್ ಅಗ್ಗ, ನಿಜ. ಆದರೆ ಮೇಲೆ ಪಿಯು ಹೊಡೆದಾಗ ಸುಕ್ಕುಗಟ್ಟಬಹುದು.

ಸೀಟಿನ ಅಡಿ ಮರೆಯಾಗುವ ಕಡೆ ಅಂಗೈ ಅಗಲ ಮರೂನ್ ಹಾಗೇ ಬಿಟ್ಟಿದ್ದೇನೆ, ಪೇಂಟ್ ಅಂಗಡಿಯಲ್ಲಿ ಬಣ್ಣ ಹೊಂದಿಸಲು. ಫೋಟೋ ಕಳಿಸಿದೆ. ಮಾವ ಫೋನ್ ಮಾಡಿ ಸ್ವಲ್ಪ ಹೊತ್ತು ಸುಮ್ನಿದ್ದು, "ಹಂಗಾರೆ ನಂಗೆ ಮಾರಿದೋನು ಕಂಪ್ನಿ ಪೇಂಟು ಅಂದಿದ್ದು ಸುಳ್ಳಾ?" ಎಂದರು.